ಮೈಯಲ್ಲಿ ಉಳಿದ ಅಂಜಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಪಘಾತ, ನೆರೆ, ಹಿಂಸೆ, ಆಪ್ತರ ಹಠಾತ್ ಸಾವು ಮುಂತಾದ ಆಘಾತಗಳ ನಂತರ ಮನಸ್ಸು ಚೇತರಿಸಿಕೊಳ್ಳುವ ಬಗೆಯನ್ನು ಕುರಿತು ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ. ಉಸಿರಾಟ, ಯೋಗಾಸನ, ಸ್ಪರ್ಶ, ಮೈಯ ಸಂವೇದನೆಗಳ ಕಡೆ ಗಮನ ಇವುಗಳನ್ನು ಆಧರಿಸಿದ ಚಿಕಿತ್ಸೆಯಿಂದ ಇಂಥ ನೋವು ವಾಸಿಯಾಗುತ್ತದೆಯೇ ಎಂಬುದೇ ಆ ಪ್ರಶ್ನೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಐದು ಪತ್ರಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಕಳೆದ ವರ್ಷ ಗಿಣಿಗೇರಾ ಹತ್ತಿರ ಹೆದ್ದಾರಿಯಲ್ಲಿ ನಮ್ಮ ಬೈಕಿಗೆ ಲಾರಿ ಬಡಿದು, ಹಿಂದೆ ಕುಳಿತಿದ್ದ ನನ್ನ ಸೋದರಮಾವನ ಮಗ ಸ್ಥಳದಲ್ಲೇ ತೀರಿಕೊಂಡ. ನನ್ನ ಕಾಲಿನ ಮೂಳೆ ಕೂಡಿಕೊಂಡಿದೆ. ಆದರೆ ಈಗಲೂ ಲಾರಿಯ ಹಾರ್ನ್ ಕೇಳಿದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಕಾಲು ಮರಗಟ್ಟಿದಂತಾಗುತ್ತದೆ. ಇ.ಸಿ.ಜಿ., ರಕ್ತಪರೀಕ್ಷೆ ಎಲ್ಲವೂ ಸರಿಯಿವೆ. ಅವ್ವ ಅಂತ್ರ ಕಟ್ಟಿಸಿದ್ದಾಳೆ. ನಿದ್ದೆ ಬಾರದೆ ರಾತ್ರಿ ಸ್ವಲ್ಪ ಕುಡಿಯುವುದು ರೂಢಿಯಾಗಿದೆ. ಬೇಕೆಂದೇ ಮೈ ನಡುಗಿಸಿದರೆ ಒಳಗಿನ ಭಯ ಹೊರಗೆ ಹೋಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದೆ. ಮಾಡಬಹುದೇ?
— ಕೊಪ್ಪಳ ತಾಲ್ಲೂಕಿನ ಓದುಗರು

ಉತ್ತರ: ಒಡನಾಡಿಯ ಸಾವಿನ ದುಃಖವನ್ನೂ ಈ ಭಯವನ್ನೂ ಒಟ್ಟಿಗೆ ಹೊತ್ತುಕೊಂಡು ನೀವು ಇಷ್ಟು ದಿನ ಕಳೆದಿದ್ದೀರಿ. ಇದು ಪುಕ್ಕಲುತನವಲ್ಲ ಎಂಬುದನ್ನು ನೀವೂ ಮನೆಯವರೂ ಮೊದಲು ಮನಗಾಣಬೇಕು. ಅಪಾಯ ಎದುರಾದಾಗ ಮಿದುಳಿನ ಅಮಿಗ್ಡಲ ಎಂಬ ಭಾಗ, ನಾವು ಯೋಚಿಸುವುದಕ್ಕೆ ಮೊದಲೇ ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ, ಎದೆಬಡಿತ ಏರುತ್ತದೆ, ತೊಡೆ ಮತ್ತು ತೋಳುಗಳ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಅವರು 20ನೆಯ ಶತಮಾನದ ಆರಂಭದಲ್ಲಿ ಇದನ್ನು ಹೋರಾಡಲು ಇಲ್ಲವೇ ಓಡಲು ಮೈ ಮಾಡಿಕೊಳ್ಳುವ ಸಿದ್ಧತೆ ಎಂದು ವಿವರಿಸಿದರು. ಎರಡೂ ಸಾಧ್ಯವಾಗದಿದ್ದಾಗ ಮೈ ಮರಗಟ್ಟುತ್ತದೆ. ಮುರಿದ ಕಾಲಿನಿಂದ ರಸ್ತೆಯ ಮೇಲೆ ಬಿದ್ದಿದ್ದ ನಿಮಗೆ ಓಡಲೂ ಆಗಿರಲಿಲ್ಲ, ಅವನನ್ನು ಉಳಿಸಿಕೊಳ್ಳಲೂ ಆಗಿರಲಿಲ್ಲ. ಕಳ್ಳ ಬಂದುಹೋದ ಮನೆಯ ನಾಯಿ ಆಮೇಲೆ ನೆಂಟರು ಬಂದರೂ ಬೊಗಳುವ ಹಾಗೆ, ನಿಮ್ಮ ಮೈ ಈಗ ಪ್ರತಿಯೊಂದು ಹಾರ್ನಿಗೂ ಅಂದಿನ ಎಚ್ಚರಿಕೆಯನ್ನೇ ಕೊಡುತ್ತಿದೆ. ಇಂಥ ಲಕ್ಷಣಗಳು ಒಂದು ತಿಂಗಳು ದಾಟಿಯೂ ಉಳಿದು ದಿನನಿತ್ಯದ ಬದುಕಿಗೆ ಅಡ್ಡಿಯಾದರೆ, ಅದು ಆಘಾತೋತ್ತರ ಒತ್ತಡದ ಕಾಯಿಲೆ ಇರಬಹುದು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಸೇರಿದ ಈ ಕಾಯಿಲೆಗೆ ಇಂದು ಒಳ್ಳೆಯ ಚಿಕಿತ್ಸೆಗಳಿವೆ.

ನೀವು ಮೊಬೈಲಿನಲ್ಲಿ ನೋಡಿದ್ದರ ಹಿಂದೆ ಒಂದು ಗಂಭೀರವಾದ ಚಿಂತನೆಯಂತೂ ಇದೆ. ಅಮೆರಿಕದ ಪೀಟರ್ ಲೆವೀನ್ ಎಂಬವರು 1970ರ ದಶಕದಿಂದ ಬೆಳೆಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಎಂಬ ಪದ್ಧತಿಯ ಪ್ರಕಾರ, ಬಳಕೆಯಾಗದೆ ಉಳಿದ ಆ ಸಿದ್ಧತೆಯೇ ಮೈಯಲ್ಲಿ ಬಿಗಿತವಾಗಿ, ನಡುಕವಾಗಿ ಕಾಣಿಸಿಕೊಳ್ಳುತ್ತದೆ. ಮೈಯಲ್ಲಿ ಏನೋ ತುಂಬಿಕೊಂಡಿದೆ, ಅದನ್ನು ಹೊರಹಾಕಬೇಕು ಎಂಬ ವಿವರಣೆಯನ್ನು ವಿಜ್ಞಾನಿಗಳೆಲ್ಲರೂ ಒಪ್ಪುವುದಿಲ್ಲ. ಆದರೆ ಚಿಕಿತ್ಸೆಯ ಕೊಠಡಿಯಲ್ಲಿ ನಿಜವಾಗಿ ನಡೆಯುವುದು ಮೊಬೈಲಿನಲ್ಲಿ ಕಾಣುವಂಥದ್ದಲ್ಲ. ನುರಿತ ಚಿಕಿತ್ಸಕರು ಅಪಘಾತದ ಕತೆಯನ್ನು ಮೊದಲಿನಿಂದ ಹೇಳಿಸುವುದಿಲ್ಲ. ಹಾರ್ನಿನ ನೆನಪು ಬಂದಾಗ ಬಿಗಿತ ಎಲ್ಲಿದೆ, ಎದೆಯಲ್ಲೋ ಗಂಟಲಲ್ಲೋ, ಅದು ಭಾರವಾಗಿದೆಯೋ ಬಿಸಿಯಾಗಿದೆಯೋ ಎಂದು ಮೆಲ್ಲಗೆ ಕೇಳುತ್ತಾರೆ. ಕೆಲವು ಕ್ಷಣಗಳಾದ ಮೇಲೆ, ಮೈಯಲ್ಲಿ ಹಿತವೆನಿಸುವ ಜಾಗ ಯಾವುದು ಎಂದು ವಿಚಾರಿಸಿ, ಅದು ಅಂಗೈಯಾಗಿರಲಿ, ಕುರ್ಚಿಗೆ ಒರಗಿದ ಬೆನ್ನಾಗಿರಲಿ, ಗಮನವನ್ನು ಅಲ್ಲಿಗೆ ಕರೆತರುತ್ತಾರೆ. ಹೀಗೆ ಬಿಗಿತಕ್ಕೂ ನೆಮ್ಮದಿಗೂ ನಡುವೆ ಹೋಗಿಬರುತ್ತಾ, ತಡೆದುಕೊಳ್ಳಬಲ್ಲಷ್ಟನ್ನೇ ಹನಿಹನಿಯಾಗಿ ಎದುರಿಸುವುದು ಈ ಪದ್ಧತಿಯ ಜೀವಾಳ. ನಡುಕ, ಆಕಳಿಕೆ, ನಿಟ್ಟುಸಿರು ತಾವಾಗಿ ಬಂದರೆ ಬರಲಿ ಎನ್ನುತ್ತಾರೆಯೇ ಹೊರತು ಬಲವಂತದಿಂದ ಬರಿಸುವುದಿಲ್ಲ.

2017ರಲ್ಲಿ ಪ್ರಕಟವಾದ, ಇಸ್ರೇಲಿನಲ್ಲಿ 63 ಜನರ ಮೇಲೆ ನಡೆದ ಅಧ್ಯಯನದಲ್ಲಿ, ವಾರಕ್ಕೊಂದರಂತೆ 15 ಬಾರಿ ಈ ಚಿಕಿತ್ಸೆ ಪಡೆದವರ ಲಕ್ಷಣಗಳು, ಸರದಿಗಾಗಿ ಕಾದವರಿಗೆ ಹೋಲಿಸಿದರೆ ಗಮನಾರ್ಹವಾಗಿ ತಗ್ಗಿದವು. ಇದು ಭರವಸೆಯ ಫಲಿತಾಂಶ, ಆದರೆ ಸಂಖ್ಯೆ ಚಿಕ್ಕದು. ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಎರಡು ಚಿಕಿತ್ಸೆಗಳಿಗಿದೆ. ಒಂದು, ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡು, ಅದರ ಬಗೆಗಿನ ಯೋಚನೆ ಮತ್ತು ನಡವಳಿಕೆಗಳನ್ನು ಮಾತಿನ ಮೂಲಕ ಬದಲಿಸುವ ಅರಿವು ಮತ್ತು ವರ್ತನಾ ಚಿಕಿತ್ಸೆ. ಇನ್ನೊಂದು, ಫ್ರಾನ್ಸಿನ್ ಶಪಿರೊ ಅವರು 1987ರಲ್ಲಿ ರೂಪಿಸಲು ಆರಂಭಿಸಿದ, ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತಾ ನೆನಪನ್ನು ಎದುರಿಸುವ ಇ.ಎಂ.ಡಿ.ಆರ್. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಇವೆರಡನ್ನೂ ಶಿಫಾರಸು ಮಾಡಿದೆ. ಆದ್ದರಿಂದ ನೀವು ಮೊದಲು ಮನೋವೈದ್ಯರನ್ನು ಕಂಡು, ಇವುಗಳಲ್ಲಿ ಯಾವುದು ಲಭ್ಯವಿದೆ ಎಂದು ಕೇಳಿ. ಸರ್ಟ್ರಾಲಿನ್‌ನಂಥ ಔಷಧಿ ಬೇಕೆಂದು ಅವರು ಹೇಳಿದರೆ ಹಿಂಜರಿಯಬೇಡಿ. ದೇಹದ ಮೂಲಕ ಮಾಡುವ ಅಭ್ಯಾಸಗಳು ಇದರ ಜೊತೆಗೆ ಸಾಗಲಿ. ಒಬ್ಬರೇ ಕೋಣೆಯಲ್ಲಿ ಕುಳಿತು ಬೇಕೆಂದೇ ಮೈ ನಡುಗಿಸುವುದು ಬೇಡ, ಏಕೆಂದರೆ ಅಪಘಾತದ ದೃಶ್ಯ ಪೂರ್ತಿಯಾಗಿ ಮರುಕಳಿಸಿದರೆ ನಿಮ್ಮನ್ನು ಅದರಿಂದ ಹೊರತರಲು ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹಾರ್ನ್ ಕೇಳಿ ಎದೆ ಹೊಡೆದುಕೊಂಡಾಗ ಕಣ್ಣು ಮುಚ್ಚಬೇಡಿ. ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ, ಎದುರಿಗೆ ಏನೇನಿದೆ ಎಂದು ನೋಡಿ: ಅಂಗಡಿಯ ಬೋರ್ಡು, ಬೇವಿನ ಮರ, ನಿಂತಿರುವ ಬಸ್ಸು. ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ನೆಲದ ಗಟ್ಟಿತನವನ್ನು ಗಮನಿಸಿ. ಆಮೇಲೆ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ಬಿಡಿ. ನಿಶ್ವಾಸದ ಹೊತ್ತಿನಲ್ಲಿ, ಮಿದುಳಿನಿಂದ ಎದೆ ಮತ್ತು ಹೊಟ್ಟೆಗೆ ಇಳಿಯುವ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ನಿಧಾನವಾಗುತ್ತದೆ. ನಿಮಿಷಕ್ಕೆ ಸುಮಾರು ಆರು ಉಸಿರಾಟದ ಈ ಲಯವನ್ನು ಮನಸ್ಸು ಶಾಂತವಾಗಿರುವಾಗಲೇ ದಿನಕ್ಕೆರಡು ಸಲ, ಐದೈದು ನಿಮಿಷ ರೂಢಿಸಿಕೊಂಡರೆ ಮಾತ್ರ ಗಾಬರಿಯ ಹೊತ್ತಿಗೆ ಅದು ಕೈಗೆ ಸಿಗುತ್ತದೆ.

ಕುಡಿತ ನಿದ್ದೆಯನ್ನು ತಂದಂತೆ ಮಾಡಿ ನಡುರಾತ್ರಿ ಒಡೆಯುತ್ತದೆ, ಮರುದಿನದ ಗಾಬರಿಯನ್ನೂ ಹೆಚ್ಚಿಸುತ್ತದೆ. ಎಷ್ಟು ಕುಡಿಯುತ್ತೀರಿ ಎಂಬುದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ, ಪ್ರಮಾಣ ಹೆಚ್ಚಾಗಿದ್ದರೆ ಅವರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂ ಬೇಡಿ. ಅವ್ವ ಕಟ್ಟಿಸಿದ ಅಂತ್ರವನ್ನು ಬಿಚ್ಚಬೇಕೆಂದು ನಾನು ಹೇಳುವುದಿಲ್ಲ. ಅದು ಆಕೆಯ ಅಕ್ಕರೆ, ಇರಲಿ. ನಮ್ಮ ಕಡೆ ಅಪಘಾತವಾದ ಮನೆಗೆ ಮಾತಾಡಿಸಲು ಬಂದವರೆಲ್ಲರೂ ಹೇಗಾಯಿತು ಎಂದು ಮೊದಲಿನಿಂದ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳಿದರೂ, ಹತ್ತು ಜನರಿಗೆ ಹತ್ತು ಸಲ ಅದನ್ನೇ ಹೇಳಬೇಕಾದ ಬಲವಂತ ಗಾಯವನ್ನು ಕೆದಕುತ್ತದೆ. ಇನ್ನು ಮುಂದೆ ಯಾರಾದರೂ ಕೇಳಿದರೆ ನಿಮ್ಮ ಪರವಾಗಿ ಮನೆಯವರೊಬ್ಬರು ಉತ್ತರಿಸಲಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಬಾಲ್ಯದಲ್ಲಿ ಹತ್ತಿರದ ಬಂಧುವೊಬ್ಬರಿಂದ ಕೆಟ್ಟ ಅನುಭವವಾಗಿತ್ತು. ವರ್ಷಗಳಿಂದ ಕುತ್ತಿಗೆ, ಭುಜ, ಬೆನ್ನು ನೋವಿದೆ. ಮೈಯಲ್ಲಿ ಸೇರಿಕೊಂಡ ಆಘಾತವನ್ನು ತೆಗೆಯುತ್ತೇವೆ ಎಂಬ ಕೇಂದ್ರವೊಂದಕ್ಕೆ ಮುಂಗಡ ಹಣ ಕಟ್ಟಿ ಹೋದೆ. ಕೇಳದೆಯೇ ಹೊಟ್ಟೆ, ಸೊಂಟದ ಭಾಗವನ್ನು ಬಲವಾಗಿ ಒತ್ತಿದರು. ನಾನು ಬಿಕ್ಕಿಬಿಕ್ಕಿ ಅತ್ತಾಗ, ವಿಷ ಹೊರಗೆ ಹೋಗುತ್ತಿದೆ ಎಂದರು. ಅಂದಿನಿಂದ ನಿದ್ದೆಯಿಲ್ಲ, ಪಾಠ ಮಾಡುವಾಗ ಮೈ ಬೆವರುತ್ತದೆ. ಇದು ಗುಣವಾಗುವ ಲಕ್ಷಣವೇ?
— ರಾಯಚೂರಿನ ಓದುಗರು

ಉತ್ತರ: ಅಲ್ಲ. ದಯವಿಟ್ಟು ಆ ಕೇಂದ್ರಕ್ಕೆ ಮತ್ತೆ ಹೋಗಬೇಡಿ, ಕಟ್ಟಿದ ಹಣ ಹೋದರೆ ಹೋಗಲಿ. ಯಾರ ಮೈಯನ್ನು ಅವರ ಒಪ್ಪಿಗೆಯಿಲ್ಲದೆ ಒಮ್ಮೆ ಮುಟ್ಟಲಾಗಿತ್ತೋ, ಅವರನ್ನು ಚಿಕಿತ್ಸೆಯ ಹೆಸರಿನಲ್ಲಿ ಮತ್ತೆ ಕೇಳದೆ ಮುಟ್ಟಿದರೆ ಹಳೆಯ ಘಟನೆಯೇ ಹೊಸದಾಗಿ ನಡೆದಂತೆ. ಅಳು ಬಂದಾಕ್ಷಣ ಗುಣವಾಯಿತೆಂದು ಅರ್ಥವಲ್ಲ, ಕಣ್ಣೀರಿನಲ್ಲಿ ಯಾವ ವಿಷವೂ ಹೊರಗೆ ಹೋಗುವುದಿಲ್ಲ. ಸರಿಯಾದ ಚಿಕಿತ್ಸೆಯ ನಂತರ ಒಂದೆರಡು ದಿನ ಆಯಾಸವೆನಿಸಬಹುದು, ಕನಸು ಹೆಚ್ಚಬಹುದು. ಆದರೆ ದಿನಗಟ್ಟಲೆ ನಿದ್ದೆ ಕೆಟ್ಟು ಕೆಲಸಕ್ಕೂ ತೊಂದರೆಯಾದರೆ, ಮಾಡಿದವರು ಮಿತಿ ಮೀರಿದ್ದಾರೆ ಎಂದೇ ತಿಳಿಯಬೇಕು. ನಿಮ್ಮ ಪತ್ರದ ಈ ಭಾಗವನ್ನು ಓದಿ ನನಗೆ ಬಹಳ ಸಂಕಟವಾಯಿತು.

ದೇಹದ ಮೂಲಕ ಮಾಡುವ ಚಿಕಿತ್ಸೆಯಲ್ಲಿ ಸ್ಪರ್ಶ ಇರಲೇಬೇಕೆಂಬ ನಿಯಮವಿಲ್ಲ. ಬಹುಪಾಲು ಕೆಲಸ ಕುಳಿತಲ್ಲಿಯೇ, ಮಾತಿನ ಮಾರ್ಗದರ್ಶನದಲ್ಲಿ, ನಿಮ್ಮ ಗಮನದಿಂದಲೇ ನಡೆಯುತ್ತದೆ. ಸ್ಪರ್ಶ ಬೇಕೆನಿಸಿದರೂ ಎಲ್ಲಿ, ಏಕೆ, ಎಷ್ಟು ಹೊತ್ತು ಎಂಬುದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಬೇಡವೆಂದ ಕ್ಷಣ ನಿಲ್ಲಿಸಬೇಕು. ಜೊತೆಗೆ ಒಬ್ಬರನ್ನು ಕರೆದುಕೊಂಡು ಬರುತ್ತೇನೆ ಎಂದಾಗ ಮುಖ ಗಂಟಿಕ್ಕುವವರನ್ನು ನಂಬಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚ ಬೇಡ. ಅಂದಿನ ಸ್ಪರ್ಶ ಕೆಟ್ಟ ಉದ್ದೇಶದ್ದು ಎಂದು ನಿಮಗೆ ಅನಿಸಿದ್ದರೆ 181 ಮಹಿಳಾ ಸಹಾಯವಾಣಿಗೆ ತಿಳಿಸಬಹುದು.

ಕುತ್ತಿಗೆ ಮತ್ತು ಭುಜದ ಬಿಗಿತಕ್ಕೆ, ಮೂಳೆಯ ತೊಂದರೆ ಇಲ್ಲವೆಂದು ವೈದ್ಯರು ನೋಡಿ ಹೇಳಿದ ಮೇಲೆ, ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯರು ಸುಮಾರು ನೂರು ವರ್ಷಗಳ ಹಿಂದೆ ರೂಪಿಸಿದ ಸರಳ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಬಹುದು. ಎರಡೂ ಭುಜಗಳನ್ನು ಕಿವಿಯ ಕಡೆಗೆ ಎತ್ತಿ ಐದು ಎಣಿಸುವವರೆಗೆ ಬಿಗಿಹಿಡಿಯಿರಿ, ನಿಧಾನವಾಗಿ ಸಡಿಲಬಿಡಿ. ಸಡಿಲವಾದ ಮೇಲೆ ಭುಜಗಳಲ್ಲಿ ಏನಾಗುತ್ತಿದೆ ಎಂದು ಸ್ವಲ್ಪ ಹೊತ್ತು ಗಮನಿಸಿ. ಮುಷ್ಟಿ, ದವಡೆ, ಪಾದಗಳಿಗೂ ಹೀಗೆಯೇ ಮಾಡಿ. ಚಿಕ್ಕಂದಿನಿಂದ ಎಚ್ಚರದಲ್ಲೇ ಬದುಕಿದವರಿಗೆ ಕೆಲವೊಮ್ಮೆ ಸಡಿಲವಾಗುವುದೇ ಭಯ ಹುಟ್ಟಿಸುತ್ತದೆ. ಹಾಗಾದರೆ ಅಲ್ಲಿಗೇ ನಿಲ್ಲಿಸಿ, ಎದ್ದು ಓಡಾಡಿ.

ಪ್ರಶ್ನೆ: 2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ, ಹೊಳೆದಂಡೆಯ ನಮ್ಮ ಮನೆಯಿಂದ ಸಾಮಾನು ಕಟ್ಟಿಕೊಂಡು ಬೀಗರ ಊರಿಗೆ ಹೋಗಿದ್ದೆವು. ನೀರು ಮನೆಗೆ ಬರಲಿಲ್ಲ. ಆದರೆ 2009ರ ನೆರೆಯಲ್ಲಿ ಮನೆ ಕಳೆದುಕೊಂಡಿದ್ದ ನಮ್ಮ ಅತ್ತೆ ಅಂದು ಬಹಳ ಹೆದರಿ ಅತ್ತಿದ್ದರು. ಒಂಬತ್ತು ವರ್ಷದ ಮಗ ಈಗಲೂ ಮಳೆ ಶುರುವಾದರೆ ಹೊಟ್ಟೆ ನೋವು ಎನ್ನುತ್ತಾನೆ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಏನು ಮಾಡಬೇಕು?
— ಸಿರುಗುಪ್ಪ ತಾಲ್ಲೂಕಿನ ಓದುಗರು

ಉತ್ತರ: ತಾಯಿ, ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ ಮೂತ್ರದ ಸೋಂಕು, ಮಲಬದ್ಧತೆ, ಜಂತುಹುಳು ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಆ ಹೊಟ್ಟೆ ನೋವು ಸುಳ್ಳಲ್ಲ. ಹೆದರಿದಾಗ ಕರುಳಿನ ಚಲನೆ ನಿಜವಾಗಿಯೂ ಬದಲಾಗುತ್ತದೆ, ಮಕ್ಕಳು ಭಯವನ್ನು ಮಾತಿಗಿಂತ ಮೊದಲು ಹೊಟ್ಟೆಯಲ್ಲೇ ಅನುಭವಿಸುತ್ತಾರೆ. ನೀರು ಮನೆಗೆ ಬಾರದಿದ್ದರೂ, ಹಿರಿಯರ ಮುಖದಲ್ಲಿ ಅವನು ಕಂಡ ಗಾಬರಿಯೇ ಅವನ ಪಾಲಿಗೆ ನೆರೆಯಾಗಿತ್ತು.

ಹಾಸಿಗೆ ಒದ್ದೆಯಾದುದಕ್ಕೆ ಬಯ್ಯುವುದು, ಓಣಿಯವರ ಮುಂದೆ ಹೇಳುವುದು ಖಂಡಿತ ಬೇಡ. ಮಳೆ ಬರುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆನ್ನಿನ ಮೇಲೆ ಅಂಗೈಯಿಟ್ಟು, ನೀವೇ ನಿಧಾನವಾಗಿ ಉಸಿರಾಡಿ. ಶಾಂತವಾಗಿರುವ ದೊಡ್ಡವರ ಮೈಗೆ ಒತ್ತಿಕೊಂಡ ಮಗು ತಾನೂ ಶಾಂತವಾಗುತ್ತದೆ. ಇಂಥ ವಯಸ್ಸಿನವರಿಗೆ ಕಣ್ಣು ಮುಚ್ಚಿ ಧ್ಯಾನ ಮಾಡೆಂದರೆ ಆಗದು, ಆಟವೇ ಅವರ ಅಭ್ಯಾಸ. ಸೋಪಿನ ನೀರಿನ ಗುಳ್ಳೆ ಊದಿಸಿ, ಕೊಳಲನ್ನೋ ಪೀಪಿಯನ್ನೋ ಊದಲು ಕೊಡಿ, ಉದ್ದನೆಯ ನಿಶ್ವಾಸ ತಾನಾಗಿ ಬರುತ್ತದೆ. ಕುಂಟೆಬಿಲ್ಲೆ, ಜೋಕಾಲಿ, ಕೋಲಾಟ, ಚಪ್ಪಾಳೆಯ ಆಟಗಳಲ್ಲಿ ಲಯವಿದೆ, ಕೈಕಾಲುಗಳಿಗೆ ಕೆಲಸವಿದೆ, ಜೊತೆಗಾರರಿದ್ದಾರೆ. ಸಂಜೆಯ ಊಟ ಮತ್ತು ಮಲಗುವ ಹೊತ್ತು ದಿನವೂ ಒಂದೇ ಆಗಿರಲಿ. ಮತ್ತೆ ನೀರು ಬರುವ ಸೂಚನೆ ಸಿಕ್ಕರೆ ಎಲ್ಲಿಗೆ ಹೋಗುತ್ತೇವೆ, ಅವನ ಶಾಲೆಯ ಚೀಲವನ್ನು ಯಾರು ಹಿಡಿಯುತ್ತಾರೆ ಎಂಬುದನ್ನು ಅವನೊಂದಿಗೆ ಕುಳಿತು ಗೊತ್ತುಮಾಡಿ. ತಾನೂ ಏನಾದರೂ ಮಾಡಬಲ್ಲೆ ಎಂದು ಅವನ ಕೈಕಾಲುಗಳಿಗೆ ತಿಳಿಯುವುದು ಬಹಳ ಮುಖ್ಯ. ನಿಮ್ಮ ಅತ್ತೆಯವರ ನೋವನ್ನೂ ಮರೆಯಬೇಡಿ. 2009ರಲ್ಲಿ ಅವರನ್ನು ಯಾರೂ ಹೀಗೆ ವಿಚಾರಿಸಿರಲಿಕ್ಕಿಲ್ಲ. ಅವರನ್ನೂ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಯೋಗ ಶಿಕ್ಷಕ. ಮನೆಯಲ್ಲಿ ಹಿಂಸೆ ಅನುಭವಿಸಿದ ಕೆಲವು ಮಹಿಳೆಯರು ತರಗತಿಗೆ ಬರುತ್ತಿದ್ದಾರೆ. ಶವಾಸನದಲ್ಲಿ ಒಬ್ಬರು ಹಠಾತ್ತನೆ ಎದ್ದು ಹೊರಗೆ ಹೋದರು. ಯೋಗದಿಂದ ಅವರಿಗೆ ಒಳ್ಳೆಯದಾಗುತ್ತದೆಯೇ, ನಾನು ಏನನ್ನು ಬದಲಿಸಬೇಕು?
— ಬಳ್ಳಾರಿಯ ಓದುಗರು

ಉತ್ತರ: ಒಳ್ಳೆಯದಾಗಬಲ್ಲದು, ಕಲಿಸುವ ರೀತಿ ಬದಲಾದರೆ. ಅಮೆರಿಕದ ಬಾಸ್ಟನ್ನಿನ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಚಿಕಿತ್ಸೆಗಳಿಂದ ಪೂರ್ತಿ ಗುಣವಾಗದ 64 ಮಹಿಳೆಯರು ಭಾಗವಹಿಸಿದ್ದರು. ಒಂದು ಗುಂಪು 10 ವಾರ ಯೋಗ ಕಲಿಯಿತು, ಇನ್ನೊಂದು ಗುಂಪು ಮಹಿಳೆಯರ ಆರೋಗ್ಯದ ಬಗ್ಗೆ ತಿಳಿವಳಿಕೆಯ ತರಗತಿಗಳಿಗೆ ಹೋಯಿತು. ಕೊನೆಗೆ ಯೋಗದ ಗುಂಪಿನಲ್ಲಿ ಉಳಿದಿದ್ದ 31 ಜನರಲ್ಲಿ 16 ಮಂದಿಯ ಲಕ್ಷಣಗಳು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುವ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಇನ್ನೊಂದು ಗುಂಪಿನಲ್ಲಿ ಉಳಿದಿದ್ದ 29 ಜನರಲ್ಲಿ ಹಾಗಾದವರು 6 ಮಂದಿ ಮಾತ್ರ.

ಅಲ್ಲಿ ಕಲಿಸಿದ್ದು ನಾವು ಶಿಬಿರಗಳಲ್ಲಿ ಕಾಣುವ ಯೋಗವಲ್ಲ. ಆಸನ ಸರಿಪಡಿಸಲೆಂದು ಶಿಕ್ಷಕರು ಮೈ ಮುಟ್ಟುವುದಿಲ್ಲ. ಆಜ್ಞೆಯ ಬದಲು ಆಯ್ಕೆಯಿರುತ್ತದೆ: ಬೇಕೆನಿಸಿದರೆ ಕೈ ಎತ್ತಬಹುದು, ಇಷ್ಟೇ ಸಾಕೆನಿಸಿದರೆ ಇಲ್ಲಿಯೇ ಇರಬಹುದು. ತನ್ನ ಮೈಯ ಮೇಲೆ ತನಗೇ ಅಧಿಕಾರವಿಲ್ಲದೆ ಬದುಕಿದ ಹೆಣ್ಣುಮಗಳಿಗೆ ಈ ಸಣ್ಣ ಆಯ್ಕೆಯೇ ಚಿಕಿತ್ಸೆಯ ಮುಖ್ಯ ಭಾಗ. ಅಂಗಾತ ಮಲಗಿ, ಕಣ್ಣು ಮುಚ್ಚಿ, ಕೈಕಾಲು ಚೆಲ್ಲಿದ ಶವಾಸನ ಅವರಲ್ಲಿ ಅನೇಕರಿಗೆ ನಿಸ್ಸಹಾಯಕತೆಯ ನೆನಪು ತರುತ್ತದೆ. ಎದ್ದುಹೋದವರು ತಮ್ಮನ್ನು ತಾವು ಕಾಪಾಡಿಕೊಂಡರು, ಅವರನ್ನು ಎಲ್ಲರ ಮುಂದೆ ಕಾರಣ ಕೇಳಬೇಡಿ. ಅದರ ಬದಲು ಗೋಡೆಗೆ ಒರಗಿ ಕುಳಿತು, ಕಣ್ಣು ತೆರೆದುಕೊಂಡೇ ವಿಶ್ರಮಿಸಲು ಹೇಳಿ. ಬಾಗಿಲು ಎಲ್ಲರಿಗೂ ಕಾಣುವಂತಿರಲಿ, ದೀಪ ಆರಿಸಬೇಡಿ, ಯಾರ ಬೆನ್ನ ಹಿಂದೆಯೂ ಸದ್ದಿಲ್ಲದೆ ನಡೆದಾಡಬೇಡಿ. ಕಪಾಲಭಾತಿ, ಭಸ್ತ್ರಿಕಾದಂಥ ವೇಗದ ಉಸಿರಾಟ ಎದೆಬಡಿತ ಮತ್ತು ತಲೆಸುತ್ತು ತಂದು ಗಾಬರಿಯನ್ನೇ ಕೆರಳಿಸಬಹುದು. ಆರಂಭದಲ್ಲಿ ಅವುಗಳನ್ನು ಬಿಟ್ಟು ಭ್ರಾಮರಿಯನ್ನೋ ಸಾಮಾನ್ಯವಾದ ದೀರ್ಘ ನಿಶ್ವಾಸವನ್ನೋ ಕಲಿಸಿ. ಮನೆಯಲ್ಲಿ ಹಿಂಸೆ ಇನ್ನೂ ನಡೆಯುತ್ತಿದ್ದರೆ ಯೋಗವೊಂದರಿಂದ ಏನೂ ಆಗದು, ಆಕೆಗೆ ಮೊದಲು ಬೇಕಿರುವುದು ರಕ್ಷಣೆ. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅದನ್ನು ನಿಲ್ಲಿಸುವಂತೆ ಎಂದಿಗೂ ಹೇಳಬೇಡಿ.

ಪ್ರಶ್ನೆ: ಇಂಥ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೇ? ನಮ್ಮಂಥ ಕೂಲಿಯವರಿಗೆ ಅದು ಆಗುವ ಮಾತೇ?
— ಲಿಂಗಸುಗೂರು ತಾಲ್ಲೂಕಿನ ಓದುಗರು

ಉತ್ತರ: ಬೇಕಿಲ್ಲ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯವರೆಗೆ ಒಯ್ಯುವ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ್ದು ನಮ್ಮ ಭಾಗವೇ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗಳಿಗೆ ಅಲ್ಲಿಯೇ ಚಿಕಿತ್ಸೆ ಸಿಗುವಂತೆ ಮಾಡಿತು. ಬಳ್ಳಾರಿ ಮಾದರಿ ಎಂದು ಹೆಸರಾದ ಆ ಪ್ರಯೋಗದ ಆಧಾರದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೇರೆ ರಾಜ್ಯಗಳಲ್ಲಿಯೂ ಆರಂಭವಾಯಿತು. ನಿಮಗೆ ಹತ್ತಿರವಾಗುವುದು ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ರಿಮ್ಸ್. ಕೊಪ್ಪಳದವರಿಗೆ ಅಲ್ಲಿನ ಕಿಮ್ಸ್, ಬಳ್ಳಾರಿಯವರಿಗೆ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಇಲ್ಲೆಲ್ಲ ಮನೋವೈದ್ಯಕೀಯ ವಿಭಾಗವನ್ನು ಕೇಳಿಕೊಂಡು ಹೋಗಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡು ಇದೆ, ಹೊರಡುವ ಮೊದಲು ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ.

ಹೆಸರಾಂತ ವಿದೇಶಿ ಪದ್ಧತಿಯಲ್ಲಿ ತರಬೇತಾದವರು ಇಲ್ಲಿ ಸಿಗುವುದು ಕಷ್ಟ ಎಂಬುದು ನಿಜ. ಆದರೆ ಉಸಿರಿನ ಲಯ, ಪಾದ ಒತ್ತಿ ನಿಲ್ಲುವುದು, ಸ್ನಾಯುಗಳನ್ನು ಬಿಗಿದು ಸಡಿಲಿಸುವುದು ಇವುಗಳನ್ನು ಯಾವುದೇ ಒಳ್ಳೆಯ ಆಪ್ತ ಸಮಾಲೋಚಕರು ಕಲಿಸಬಲ್ಲರು, ಇವಕ್ಕೆ ದುಡ್ಡಿನ ಖರ್ಚೂ ಇಲ್ಲ. ಪ್ರಯಾಣಕ್ಕೆ ಕೂಲಿ ಬಿಡಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಬದುಕೇ ಬೇಡವೆಂಬ ಯೋಚನೆ ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಬಂದಿದ್ದರೆ ಮಂಗಳವಾರದವರೆಗೆ ಕಾಯಬೇಡಿ, ಅಂದೇ ಕರೆ ಮಾಡಿ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.